ಆರಂಭಗಾರರ ಕ್ಷೇತ್ರದರ್ಶನ

ಮೈಸೂರು ಜಿಲ್ಲೆಯ ಪಡುವಣ ಭಾಗದಲ್ಲಿರುವ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಗಳೆಂಬ ಸೀಮೆಗಳು ಕಾವೇರಿ, ಲಕ್ಷ್ಮಣತೀರ್ಥ, ಕಪಿಲೆಗಳ ಜಲದಿಂದ ಪುನೀತವಾದವುಗಳೆಂಬುದು ಸರ್ವವಿದಿತವಾಗಿದೆ. ಆದರೆ ಆ ಜಲವು ಎಲ್ಲ ಹೊಲಗಳನ್ನೂ ಮುಟ್ಟುವುದಿಲ್ಲ. ಕೃಷ್ಣರಾಜನಗರದ ನಾಲೆಯ ಕೆಳಗಣ ಗದ್ದೆಗಳಿಗುಂಟಾದ ಭಾಗ್ಯವು ಬಂಡೀಪುರದ ಅರಣ್ಯಕ್ಕೆ ತಗುಲಿದ ಎನ್. ಬೇಗೂರಿನ ಕಡೆಯ ಬೆದ್ದಲಿಗೆ ಎಲ್ಲಿಂದ ಬರಬೇಕು? ಅಲ್ಲಿಯ ಆರಂಭಗಾರನು ಮಳೆಯನ್ನೇ ನೆಚ್ಚಿ ರಾಗಿ ಹತ್ತಿಗಳನ್ನು ಬಿತ್ತಿ, ಇರುಳೆಲ್ಲ ಆನೆಹಂದಿಗಳಿಂದ ಬೆಳೆಯನ್ನು ಕಾಯತಕ್ಕವನು. ಇಂತಹವನು ಭೂಮಿಯ ಸತ್ತ್ವವನ್ನು ಕೆಡಿಸದ ಬೇಸಾಯವನ್ನು ಯಾರಿಂದ ಕಲಿಯಬೇಕೆಂಬುದು ವಿಚಾರಾರ್ಹವಾದ ಸಂಗತಿಯಾಗಿದೆ.

ಪೂರ್ವದಲ್ಲಿ ಈ ವಿದ್ಯೆಯು ನೆರೆಹೊರೆಯಲ್ಲಿಯೇ ಇದ್ದಿತು. ರಾಗಿಯ ಹೊಲದಲ್ಲಿ ಅವರೆ, ತೊಗರಿ, ಹುಚ್ಚೆಳ್ಳು, ಸಾಸಿವೆಗಳನ್ನು ಅಕ್ಕಡಿಯಾಗಿ ಬಿತ್ತುವ ಕ್ರಮವನ್ನು ಯಾವ ಪಾಠಶಾಲೆಯೂ ಕಲಿಸಲಿಲ್ಲ. ಮುಯ್ಯಾಳಾಗಿ ಹೋದವನು ಪರರ ಹೊಲದಲ್ಲಿ ದುಡಿಯುತ್ತಲೇ ಅದನ್ನು ನೋಡಿ ಬಂದು ತನ್ನ ಹೊಲದಲ್ಲಿ ಮಾಡುತ್ತಿದ್ದನು. ಚುಂಚನಕಟ್ಟೆಯ ದನಗಳ ಜಾತ್ರೆಗೆ ಹೋದವರು ರಾಸುಗಳೊಡನೆ ಹತ್ತೂರಿನ ಬೇಸಾಯದ ವಾರ್ತೆಯನ್ನೂ ತರುತ್ತಿದ್ದರು. ಹನ್ನೆರಡನೆಯ ಶತಮಾನದ ಶರಣಗಣದಲ್ಲಿ ಒಕ್ಕಲಿಗ ಮುದ್ದಣ್ಣನವರು ಬೇಸಾಯದ ಮಾತಿನಲ್ಲಿಯೇ ಅನುಭಾವವನ್ನು ನುಡಿದರೆಂಬುದನ್ನು ಸ್ಮರಿಸಿದರೆ, ನೇಗಿಲು ಹಿಡಿದವನು ಬೋಧಕನಾಗುವುದು ಈ ನಾಡಿಗೆ ಹೊಸದಲ್ಲವೆಂದು ತಿಳಿಯುವುದು.

ಸಂಸ್ಥಾನದ ಪ್ರಭುಗಳೂ ಈ ವಿಷಯದಲ್ಲಿ ಉದಾಸೀನರಾಗಿರಲಿಲ್ಲ. 1899ರಲ್ಲಿ ವಾಣೀವಿಲಾಸ ಸನ್ನಿಧಾನದವರು ಹೆಬ್ಬಾಳದಲ್ಲಿ 30 ಎಕರೆ ಭೂಮಿಯನ್ನು ಪ್ರಯೋಗಕ್ಕಾಗಿ ದಯಪಾಲಿಸಿದರು. ಮೈಸೂರಿನಲ್ಲಿ ದಸರಾ ವಸ್ತುಪ್ರದರ್ಶನವೂ ನಡೆಯತೊಡಗಿತು. 1913ರಲ್ಲಿ ಕೋಲ್ಮನ್ ಸಾಹೇಬರ ಕಾಲದಲ್ಲಿ ಹೆಬ್ಬಾಳದ ಕೃಷಿಶಾಲೆಯು ತಲೆಯೆತ್ತಿತು. ಇವು ಮಹೋಪಕಾರದ ಕಾರ್ಯಗಳೇ ಸರಿ. ಆದರೆ ವಿದ್ಯೆಯು ಮೇಲಿನಿಂದ ಕೆಳಕ್ಕೆ ಹರಿದಷ್ಟು ಕೆಳಗಿನಿಂದ ಮೇಲಕ್ಕೆ ಏರಲಿಲ್ಲ.

ಅನಂತರದ ಕಾಲವು ಕಠಿನವಾದುದು. ಹುಣಸೂರು, ಪಿರಿಯಾಪಟ್ಟಣಗಳಲ್ಲಿ ವರ್ಜೀನಿಯಾ ಹೊಗೆಸೊಪ್ಪು ಹಬ್ಬಿತು; 1976ರಲ್ಲಿ ತಂಬಾಕು ಮಂಡಳಿಯು ಸ್ಥಾಪಿತವಾಯಿತು; ಸೊಪ್ಪನ್ನು ಹದಮಾಡುವ ಬ್ಯಾರನ್ನುಗಳಿಗೆ ಸೌದೆಯು ಲೆಕ್ಕವಿಲ್ಲದೆ ಬಲಿಯಾಯಿತು. 2002ರಲ್ಲಿ ಬಿ.ಟಿ. ಹತ್ತಿಗೆ ಸರ್ಕಾರದ ಅನುಮತಿ ದೊರೆತ ಮೇಲೆ ಕೋಟೆಯ ಹತ್ತಿಯ ಹೊಲಗಳಿಗೆ ಬೀಜವು ವರ್ಷವರ್ಷವೂ ಅಂಗಡಿಯಿಂದಲೇ ಬರಬೇಕಾಯಿತು. ಬೀಜವು ಅಂಗಡಿಗೆ ಹೋದಾಗ ಬುದ್ಧಿಯೂ ಅದರ ಹಿಂದೆ ಹೋಯಿತು: ಯಾವ ಹುಳಕ್ಕೆ ಯಾವ ಔಷಧವೆಂಬುದನ್ನು ಮಾರುವವನೇ ನಿರ್ಣಯಿಸತೊಡಗಿದನು. ಸಾಲವು ಮಾತ್ರ ಆರಂಭಗಾರನದಾಗಿಯೇ ಉಳಿಯಿತು.

ಈ ಸಂಕಟದಿಂದಲೇ ಗೋಷ್ಠಿಗಳೂ ಹೊಲಗಳ ಸಂದರ್ಶನವೂ ಹುಟ್ಟಿದುವು. ದೊಡ್ಡಬಳ್ಳಾಪುರದ ಸಮೀಪದ ಶ್ರೀ ಎಲ್. ನಾರಾಯಣರೆಡ್ಡಿಯವರು ಮೊದಲು ರಾಸಾಯನಿಕ ಗೊಬ್ಬರವನ್ನೇ ಹಾಕಿದವರು. ಆಯವ್ಯಯದ ಲೆಕ್ಕವನ್ನು ತಾವೇ ಹಾಕಿನೋಡಿ ಅದನ್ನು ತ್ಯಜಿಸಿದರು. 2019ರ ಜನವರಿಯಲ್ಲಿ ಅವರು ಲಿಂಗೈಕ್ಯರಾಗುವವರೆಗೂ ಅವರ ತೋಟವು ದೂರದ ರೈತರಿಗೆ ತೆರೆದ ಶಾಲೆಯಾಗಿದ್ದಿತು. ಮಹಾರಾಷ್ಟ್ರದ ಶ್ರೀ ಸುಭಾಷ್ ಪಾಳೇಕರರ ಶಿಬಿರಗಳನ್ನು ರಾಜ್ಯ ರೈತಸಂಘದವರು ಊರೂರುಗಳಲ್ಲಿ ನಡೆಸಿದಾಗ ಕೆಲವು ಮಠಗಳು ಸ್ಥಳವನ್ನೂ ದಾಸೋಹವನ್ನೂ ಒದಗಿಸಿದುವು. 200 ಲೀಟರು ನೀರಿಗೆ 10 ಕಿಲೋ ಸಗಣಿ, ಗಂಜಲ, 2 ಕಿಲೋ ಬೆಲ್ಲ, 2 ಕಿಲೋ ದ್ವಿದಳ ಧಾನ್ಯದ ಹಿಟ್ಟು, ಬದುವಿನ ಒಂದು ಹಿಡಿ ಮಣ್ಣು ಸೇರಿಸಿ ಎರಡು ದಿನ ಕಳಿಸಿದರೆ ಒಂದೆಕರೆಗೆ ಸಾಲುವ ಜೀವಾಮೃತವಾಗುವುದೆಂಬುದು ಅಲ್ಲಿಯ ಬೋಧೆ. ಕೇಳಿದವರೆಲ್ಲರೂ ನಂಬಲಿಲ್ಲ. ಆದರೆ ಅದನ್ನು ಮಾಡಿದವನ ಹೊಲಕ್ಕೆ ಹೋಗಿ ಮಣ್ಣನ್ನು ಕೈಯಲ್ಲಿ ಹಿಡಿದು, ಎರೆಹುಳುಗಳನ್ನು ಕಂಡು, ಖರ್ಚು ಎಷ್ಟು, ಕೈಗೆ ಬಂದುದೆಷ್ಟು ಎಂದು ಅವನನ್ನೇ ಕೇಳಿದವರು ತಿರುಗಿಬಂದು ಒಂದು ತುಂಡು ಹೊಲದಲ್ಲಾದರೂ ಪರೀಕ್ಷಿಸಿದರು. ಕ್ಷೇತ್ರವೆಂದರೆ ಹೊಲವೂ ಹೌದು, ಪುಣ್ಯಸ್ಥಳವೂ ಹೌದು. ಈ ಸಂಚಾರದಲ್ಲಿ ಎರಡರ್ಥವೂ ಕೂಡಿದಂತಿದೆ. ಪ್ರೊಫೆಸರ್ ನಂಜುಂಡಸ್ವಾಮಿಯವರ ಸಂಕಲ್ಪದಿಂದ ಚಾಮರಾಜನಗರದ ಹೊಂಡರಬಾಳಿನಲ್ಲಿ ಉಂಟಾದ ಅಮೃತಭೂಮಿಯೂ ಇದೇ ಬಗೆಯ ಕಲಿಕೆಯ ತಾಣವಾಗಿದೆ.

ಪರದೇಶಗಳಲ್ಲಿಯೂ ಇದಕ್ಕೆ ಸಾದೃಶ್ಯವುಂಟು. 1970ರ ದಶಕದಲ್ಲಿ ಗ್ವಾಟೆಮಾಲಾ ದೇಶದ ಗುಡ್ಡಗಾಡಿನ ಮಾಯಾ ಜನರು ರೈತನಿಂದ ರೈತನಿಗೆ ಎಂಬ ಪದ್ಧತಿಯನ್ನು ರೂಢಿಸಿದರು. 1997ರಿಂದ ಕ್ಯೂಬಾದ ಸಣ್ಣ ರೈತರ ಸಂಘವು ಅದನ್ನು ದೇಶವ್ಯಾಪಿಯಾಗಿ ಹಬ್ಬಿಸಿತು.

ನಮ್ಮ ಸೀಮೆಯವರಿಗೆ ಸಮೀಪವಾದುದು ಸುತ್ತೂರಿನ ಜಾತ್ರೆ. ಪುಷ್ಯಮಾಸದ ಆ ಉತ್ಸವದಲ್ಲಿ ರಥೋತ್ಸವ, ದಾಸೋಹಗಳೊಡನೆ ಕೃಷಿಮೇಳವೂ ನಡೆಯುವುದು. ಮಾತಿಗಿಂತ ನೆಲದಲ್ಲಿ ನಿಂತ ಬೆಳೆಯನ್ನೇ ತೋರಿಸುವುದು ಅದರ ವಿಶೇಷ. ಶ್ರೀಮಠದ ವಿದ್ಯಾಪೀಠದ ಆಶ್ರಯದಲ್ಲಿ ಅಲ್ಲಿ ಕೃಷಿ ವಿಜ್ಞಾನ ಕೇಂದ್ರವೂ ಇದೆ.

ಇಷ್ಟಾದರೂ ಸ್ತುತಿಯನ್ನೇ ಮಾಡುವುದು ಇತಿಹಾಸವಾಗದು. 2019ರಲ್ಲಿ ರಾಷ್ಟ್ರೀಯ ಕೃಷಿ ವಿಜ್ಞಾನ ಅಕಾಡೆಮಿಯ ವಿದ್ವಾಂಸರು ಪಾಳೇಕರರ ಪದ್ಧತಿಯ ಬಗ್ಗೆ ಸಂದೇಹವನ್ನು ಪ್ರಕಟಿಸಿದರು. ಅದಕ್ಕೆ ಬೈಗುಳವು ಉತ್ತರವಲ್ಲ, ಬೆಳೆಯ ಲೆಕ್ಕವೇ ಉತ್ತರ. ನೀರಾವರಿಯ ತೋಟವನ್ನು ನೋಡಿ ಬಂದ ಎನ್. ಬೇಗೂರಿನವನು ಅದನ್ನೇ ತನ್ನ ಬೆದ್ದಲಿನಲ್ಲಿ ಅನುಕರಿಸಲಾರನು. ಅವನು ನೋಡಬೇಕಾದುದು ತನ್ನಂತೆಯೇ ಮಳೆಯನ್ನು ನಂಬಿ, ಆನೆಯನ್ನು ಅಟ್ಟುವವನ ಹೊಲವನ್ನು. ದನವನ್ನು ಮಾರಿ ಕೊಟ್ಟಿಗೆ ಬರಿದಾದ ಮನೆಗೆ ಜೀವಾಮೃತದ ಉಪದೇಶದಿಂದಾಗುವುದೇನು? ಇನ್ನೂ ಒಂದು ಕೊರತೆಯುಂಟು. ಬೀಜವನ್ನು ಆಯ್ದು, ಬೂದಿಯಲ್ಲಿ ಕಲಸಿ, ಮಡಕೆಯಲ್ಲಿ ತುಂಬಿ ಕಾಪಾಡಿದವರು ಮನೆಯ ಹೆಣ್ಣುಮಕ್ಕಳು. ಸಂಚಾರದ ವಾಹನವು ಹೊರಡುವಾಗ ದನಕ್ಕೆ ಹುಲ್ಲು ಹಾಕಲೆಂದು ಮನೆಯಲ್ಲಿಯೇ ಉಳಿಯುವವರೂ ಬಹುಮಟ್ಟಿಗೆ ಅವರೇ.