ಗಾಜಿನ ತಟ್ಟೆಯಲ್ಲಿ ರೋಗಿಯ ನರಕೋಶ

ರಕ್ತದ ಕಾಯಿಲೆಯಾದರೆ ವೈದ್ಯರು ಒಂದಿಷ್ಟು ರಕ್ತ ತೆಗೆದು ಸೂಕ್ಷ್ಮದರ್ಶಕದಡಿ ನೋಡುತ್ತಾರೆ. ಚರ್ಮದ ಕಾಯಿಲೆಗೆ ಚರ್ಮದ ಚೂರು ಸಾಕು. ಆದರೆ ಬದುಕಿರುವವರ ಬೆನ್ನುಹುರಿಯಿಂದ ಚೂರು ಕತ್ತರಿಸಿ ತೆಗೆಯುವುದು ಸಾಮಾನ್ಯವಾಗಿ ಆಗದ ಮಾತು. ಹೀಗಾಗಿ ನರರೋಗಗಳ ಬಗ್ಗೆ ನಮಗೆ ತಿಳಿದಿದ್ದರಲ್ಲಿ ಬಹುಪಾಲು ಸತ್ತವರ ಮಿದುಳಿನಿಂದ, ಇಲ್ಲವೇ ಇಲಿಗಳಿಂದ ಬಂದದ್ದು. ಬೆಂಕಿ ಆರಿದ ಮನೆಯಲ್ಲಿ ಸುಟ್ಟದ್ದು ಕಾಣುತ್ತದೆ; ಕಿಡಿ ಎಲ್ಲಿ ಹತ್ತಿತೆಂಬುದು ಕಾಣುವುದಿಲ್ಲ.

ನರಕೋಶವನ್ನು ದೇಹದ ಹೊರಗೆ ಬೆಳೆಸಿ ತೋರಿಸಿದವರು ಅಮೆರಿಕದ ರಾಸ್ ಹ್ಯಾರಿಸನ್. ವರ್ಷ 1907. ನರಮಂಡಲವೆಲ್ಲ ಒಂದೇ ಬಲೆ ಎಂದು ಇಟಲಿಯ ಗಾಲ್ಗಿ, ಪ್ರತಿ ನರಕೋಶವೂ ಬಿಡಿ ಎಂದು ಸ್ಪೇನಿನ ಕಾಹಾಲ್ ವಾದಿಸುತ್ತಿದ್ದ ಕಾಲವದು. 1906ರ ನೊಬೆಲ್ ಬಹುಮಾನವನ್ನು ಇಬ್ಬರಿಗೂ ಹಂಚಲಾಯಿತೇ ಹೊರತು ಜಗಳ ತೀರಲಿಲ್ಲ. ಹ್ಯಾರಿಸನ್ ಕಪ್ಪೆಯ ಭ್ರೂಣದಿಂದ ಮುಂದೆ ನರವಾಗಲಿದ್ದ ಚೂರೊಂದನ್ನು ತೆಗೆದು, ಕಪ್ಪೆಯದೇ ದುಗ್ಧರಸದ ಹನಿಯಲ್ಲಿಟ್ಟರು. ಹನಿ ಹೆಪ್ಪುಗಟ್ಟಿದ ಮೇಲೆ ಗಾಜಿನ ಬಿಲ್ಲೆಯನ್ನು ತಲೆಕೆಳಗಾಗಿಸಿ ಮುಚ್ಚಿಟ್ಟು ಕಾದರು. ಕೋಶದಿಂದ ಎಳೆಯೊಂದು ಹೊರಟು, ಅಮೀಬದಂತೆ ತುದಿಯನ್ನು ಚಾಚುತ್ತಾ ಮುಂದೆ ಸರಿಯಿತು! ನರದ ಎಳೆ ಕೋಶದಿಂದಲೇ ಹುಟ್ಟುತ್ತದೆ ಎಂಬುದನ್ನು ಕಣ್ಣಾರೆ ಕಂಡಂತಾಯಿತು.

ಕಪ್ಪೆಯಿಂದ ನರರೋಗಿಯವರೆಗೆ ಬರಲು ನೂರು ವರ್ಷ ಹಿಡಿಯಿತು. ಬಲಿತ ನರಕೋಶ ಒಡೆದು ಎರಡಾಗುವುದಿಲ್ಲ, ಆದ್ದರಿಂದ ಅದರಿಂದ ಬೆಳೆ ತೆಗೆಯಲಾಗದು. 1998ರಲ್ಲಿ ವಿಸ್ಕಾನ್ಸಿನ್ನಿನ ಜೇಮ್ಸ್ ಥಾಮ್ಸನ್ ಮಾನವ ಭ್ರೂಣದ ಆಕರಕೋಶಗಳನ್ನು ಬೆಳೆಸಿದಾಗ ಭ್ರೂಣದ ಬಳಕೆಯೇ ವಿವಾದವಾಯಿತು. ದಾರಿ ತೆರೆದವರು ಜಪಾನಿನ ಶಿನ್ಯಾ ಯಮನಾಕ. ನಾಲ್ಕೇ ವಂಶವಾಹಿಗಳನ್ನು ಸೇರಿಸಿ, 2006ರಲ್ಲಿ ಇಲಿಯ, 2007ರಲ್ಲಿ ಮನುಷ್ಯನ ಚರ್ಮದಂಥ ಸಾಮಾನ್ಯ ಕೋಶಗಳನ್ನು ಅವರು ಆಕರಕೋಶದ ಸ್ಥಿತಿಗೆ ಹಿಂದಿರುಗಿಸಿದರು. 2012ರಲ್ಲಿ ಅವರಿಗೂ ಇಂಗ್ಲೆಂಡಿನ ಜಾನ್ ಗರ್ಡನ್ನರಿಗೂ ನೊಬೆಲ್ ಬಂದಿತು.

ಇನ್ನು ಎ.ಎಲ್.ಎಸ್. ರೋಗದ ಮಾತು. ಸ್ಟೀಫನ್ ಹಾಕಿಂಗ್ ಅವರನ್ನು ಗಾಲಿಕುರ್ಚಿಗೆ ಕಟ್ಟಿಹಾಕಿದ ರೋಗವಿದು. ಸ್ನಾಯುಗಳನ್ನು ನಡೆಸುವ ಚಾಲಕ ನರಕೋಶಗಳು ಸಾಯುತ್ತವೆ. ಕೈಕಾಲು, ನಾಲಗೆ, ಕಡೆಗೆ ಉಸಿರು ಸೋಲುತ್ತದೆ. ಇಲಿಯಲ್ಲಿ ಗೆದ್ದ ಎಷ್ಟೋ ಔಷಧಗಳು ರೋಗಿಗಳಲ್ಲಿ ಸೋತಿದ್ದವು. 2008ರಲ್ಲಿ ಹಾರ್ವರ್ಡ್ ಮತ್ತು ಕೊಲಂಬಿಯಾ ವಿಶ್ವವಿದ್ಯಾಲಯಗಳ ವಿಜ್ಞಾನಿಗಳು, ಈ ರೋಗವಿದ್ದ 82 ವರ್ಷದ ಮಹಿಳೆಯೊಬ್ಬರ ಚರ್ಮದ ಕೋಶಗಳಿಂದ ಚಾಲಕ ನರಕೋಶಗಳನ್ನು ಬೆಳೆಸಿದರು. ಅವರ ಬೆನ್ನುಹುರಿಯನ್ನು ಯಾರೂ ಮುಟ್ಟಲಿಲ್ಲ, ಆದರೂ ಅದರಲ್ಲಿರುವಂಥ ಕೋಶಗಳು ತಟ್ಟೆಯಲ್ಲಿದ್ದವು. ಎ.ಎಲ್.ಎಸ್. ರೋಗಿಗಳಿಂದ ಹೀಗೆ ಪಡೆದ ಕೋಶಗಳು ಅತಿಯಾಗಿ ಮಿಡಿಯುತ್ತವೆಂದು ಮುಂದೆ, 2014ರಲ್ಲಿ, ಕಂಡುಬಂತು. ಅಪಸ್ಮಾರದ ಔಷಧವೊಂದು ಅವನ್ನು ತಣಿಸಿತು. ಅದೇ ಔಷಧದ ಬಗ್ಗೆ 65 ರೋಗಿಗಳಲ್ಲಿ ನಡೆಸಿದ ಪರೀಕ್ಷೆಯ ಫಲಿತಾಂಶ ಪ್ರಕಟವಾದದ್ದು 2021ರಲ್ಲಿ. ನರಗಳ ಅತಿ ಮಿಡಿತ ರೋಗಿಗಳಲ್ಲೂ ತಗ್ಗಿತ್ತು. ಆಯುಷ್ಯ ಹೆಚ್ಚಿತೇ? ಅದನ್ನು ಹೇಳುವಷ್ಟು ದೊಡ್ಡ ಪರೀಕ್ಷೆ ಅದಾಗಿರಲಿಲ್ಲ.

ನಮ್ಮ ಬೆಂಗಳೂರಿನಲ್ಲೂ ನಿಮ್ಹಾನ್ಸ್, ರಾಷ್ಟ್ರೀಯ ಜೀವವಿಜ್ಞಾನಗಳ ಕೇಂದ್ರ ಮತ್ತು ಇನ್‌ಸ್ಟೆಮ್ ಸಂಸ್ಥೆಗಳು ಕೂಡಿ ಇಂಥ ಕೆಲಸ ನಡೆಸಿವೆ. ಒಂದೇ ಮನೆಯ ಹಲವರಿಗೆ ತೀವ್ರ ಮಾನಸಿಕ ಕಾಯಿಲೆ ಇರುವ ಕುಟುಂಬಗಳಿಂದ ಕೋಶಗಳನ್ನು ಪಡೆದು, ಕಾಯಿಲೆಯಿರುವವರದನ್ನೂ ಇಲ್ಲದವರದನ್ನೂ ಹೋಲಿಸುತ್ತಾರೆ.

ಒಂದು ತೊಡಕು ಮಾತ್ರ ಉಳಿದಿದೆ. 82 ವರ್ಷದವರ ಕೋಶವೂ ಆಕರಕೋಶವಾಗಿ ಹಿಂದಿರುಗುವಾಗ ತನ್ನ ವಯಸ್ಸನ್ನು ಕಳೆದುಕೊಳ್ಳುತ್ತದೆ, ಹುಟ್ಟುವ ನರಕೋಶ ಎಳೆಯದು. ರೋಗವಾದರೋ ಬಹುಮಟ್ಟಿಗೆ ಮುಪ್ಪಿನದು. ಅದಕ್ಕೇ ಕೆಲವರು ಆಕರಕೋಶದ ಮೆಟ್ಟಿಲನ್ನು ಹತ್ತದೆ ಚರ್ಮವನ್ನು ನೇರವಾಗಿ ನರಕೋಶವಾಗಿಸುತ್ತಿದ್ದಾರೆ. ಹಾಗೆ ಮಾಡಿದರೆ ವಯಸ್ಸಿನ ಗುರುತುಗಳು ಉಳಿಯುತ್ತವೆಂದು 2015ರಲ್ಲಿ ಅಮೆರಿಕದ ಸಾಲ್ಕ್ ಸಂಸ್ಥೆಯವರು ತೋರಿಸಿದ್ದಾರೆ.