ಅಜ್ಜನ ರಿವಾಲ್ವರ್ ಸೊಂಟಕ್ಕಾ, ಶೋಕೇಸಿಗಾ?

ಕಿಕ್ಕೇರಿ ಕಡೆಯ ಹಳೇ ಮನೆಯ ಟ್ರಂಕಿನಲ್ಲಿ ಅಜ್ಜನ ಕಾಲದ ರಿವಾಲ್ವರ್ ಸಿಕ್ತು ಅಂದ್ಕೊಳ್ಳಿ. ಆತ್ಮರಕ್ಷಣೆಗೆ ಸೊಂಟಕ್ಕೆ ಸಿಕ್ಕಿಸ್ಕೊಂಡು ಓಡಾಡಬಹುದಾ?

ನಮ್ಮ ಶ್ರೀರಂಗಪಟ್ಟಣದಲ್ಲಿ ಟಿಪ್ಪು ಕಾಲದಲ್ಲೇ ಪಿಸ್ತೂಲು ತಯಾರಾಗ್ತಿತ್ತು. ಚಕಮಕಿ ಕಲ್ಲಿನ ಕಿಡಿಗೆ ಮದ್ದು ಹೊತ್ತಬೇಕು. ನಳಿಗೆಗೆ ಒಂದೇ ಗುಂಡು. 1799ರ ಮೇ 4ರಂದು ಕೋಟೆ ಬಿತ್ತು, ಅನೇಕ ಆಯುಧಗಳು ಲೂಟಿಯಾಗಿ ಇಂಗ್ಲೆಂಡ್ ಸೇರಿದವು. ತಿರುಗುವ ಸಿಲಿಂಡರಿನ ರಿವಾಲ್ವರಿಗೆ ಕೋಲ್ಟ್ ಅಮೆರಿಕದಲ್ಲಿ ಪೇಟೆಂಟ್ ಪಡೆದದ್ದು ಆಮೇಲೆ, 1836ರಲ್ಲಿ.

ಈಗ ಕಾನೂನಿಗೆ ಬರೋಣ. 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಪುರಾತನ ಆಯುಧಕ್ಕೆ ವಿನಾಯಿತಿ ಇದೆ, ರಿಪೇರಿ ಮಾಡಿದರೂ ಗುಂಡು ಹಾರಿಸಲು ಆಗಲ್ಲ ಅನ್ನುವಂತಿದ್ದರೆ ಮಾತ್ರ! ಗುಂಡು ಹಾರದ್ದು ರಕ್ಷಣೆಗೆ ಬರಲ್ಲ. ಹಾರುವುದಕ್ಕೆ ಲೈಸೆನ್ಸ್ ಬೇಕೇ ಬೇಕು. ಅಜ್ಜನ ಲೈಸೆನ್ಸ್ ಮೊಮ್ಮಗನಿಗೆ ತಾನಾಗಿ ಬರಲ್ಲ. ಇಲ್ಲದೆ ಇಟ್ಕೊಂಡರೆ ಜೈಲು.

ಹಾಗಾಗಿ ಟ್ರಂಕಿನಲ್ಲಿ ಸಿಕ್ಕಿದ್ದನ್ನ ಮೊದಲು ಪೊಲೀಸ್ ಠಾಣೆಗೆ ತಿಳಿಸಿ. ಅಪಾಯ ಬಂದ್ರೆ 112ಕ್ಕೆ ಫೋನ್ ಮಾಡಿ.