ಮುಗಿಲಿಗೂ ನೆಲಕ್ಕೂ ಕಿವಿಗೊಟ್ಟ ಗೌರಿಬಿದನೂರು

ಗೌರಿಬಿದನೂರು ತಾಲ್ಲೂಕು ಎಂದೊಡನೆ ಎಲ್ಲರಿಗೂ ನೆನಪಾಗುವುದು ವಿದುರಾಶ್ವತ್ಥ. ಗ್ಯಾಲಕ್ಸಿಯ ರೇಡಿಯೊ ಅಲೆಗಳನ್ನೂ ಭೂಮಿಯ ಕಂಪನವನ್ನೂ ಅಳೆದ ಎರಡು ಕೇಂದ್ರಗಳು ಇದೇ ಸೀಮೆಯಲ್ಲಿವೆ ಎಂಬುದು ಅಷ್ಟಾಗಿ ಪ್ರಚಾರ ಪಡೆದಿಲ್ಲ.

ಕ್ಷೀರಪಥದಿಂದ ಬರುವ ಅಲೆ

ನಕ್ಷತ್ರಗಳ ನಡುವಿನ ಕಾಂತಕ್ಷೇತ್ರದಲ್ಲಿ ಎಲೆಕ್ಟ್ರಾನುಗಳು ಬೆಳಕಿನ ವೇಗಕ್ಕೆ ಸಮೀಪದ ವೇಗದಲ್ಲಿ ಸುರುಳಿ ಸುತ್ತುತ್ತ ರೇಡಿಯೊ ಅಲೆ ಹೊಮ್ಮಿಸುತ್ತವೆ. ಆವರ್ತನ ಇಳಿದಷ್ಟೂ ಈ ವಿಕಿರಣ ಜೋರಾಗುತ್ತದೆ. ನಮ್ಮ ಗ್ಯಾಲಕ್ಸಿಯಾದ ಕ್ಷೀರಪಥದಿಂದ ರೇಡಿಯೊ ಅಲೆ ಬರುತ್ತಿದೆ ಎಂದು 1933ರಲ್ಲಿ ಜಗತ್ತಿಗೆ ತಿಳಿಸಿದವರು ಅಮೆರಿಕದ ಕಾರ್ಲ್ ಜಾನ್ಸ್ಕಿ.

ಸಾವಿರ ಡೈಪೋಲ್‌ಗಳ ದೂರದರ್ಶಕ

ಭಾರತೀಯ ಖಭೌತ ಸಂಸ್ಥೆ ಮತ್ತು ರಾಮನ್ ಸಂಶೋಧನಾ ಸಂಸ್ಥೆ ಸೇರಿ 1970ರ ದಶಕದಲ್ಲಿ ಇಲ್ಲಿ ಕಟ್ಟಿದ ದೂರದರ್ಶಕಕ್ಕೆ ಗಾಜೂ ಇಲ್ಲ, ತಟ್ಟೆಯೂ ಇಲ್ಲ. ಬಯಲಿನಲ್ಲಿ ಇಂಗ್ಲಿಷ್ 'ಟಿ' ಆಕಾರದಲ್ಲಿ ನೆಟ್ಟ ಸಾವಿರ ಡೈಪೋಲ್ ಆಂಟೆನಾಗಳೇ ದೂರದರ್ಶಕ. ಪೂರ್ವ–ಪಶ್ಚಿಮದ ತೋಳಿನ ಉದ್ದ ಸುಮಾರು 1.4 ಕಿ.ಮೀ., ದಕ್ಷಿಣದ್ದು 0.45 ಕಿ.ಮೀ.

ಇಷ್ಟು ಉದ್ದ ಏಕೆ ಬೇಕು? ಇದು ಕೆಲಸ ಮಾಡಿದ್ದು 34.5 ಮೆಗಾಹರ್ಟ್ಸ್‌ನಲ್ಲಿ, ಆ ಅಲೆಯ ತರಂಗಾಂತರ 8.7 ಮೀಟರ್. ಆಕಾಶದ ಎಷ್ಟು ಸಣ್ಣ ವಿವರ ಕಂಡೀತು ಎಂಬುದು ತರಂಗಾಂತರವನ್ನು ದೂರದರ್ಶಕದ ಅಗಲದಿಂದ ಭಾಗಿಸಿದಾಗ ಸಿಗುವ ಕೋನದಿಂದ ನಿರ್ಧಾರವಾಗುತ್ತದೆ. ಒಂದೂವರೆ ಕಿಲೋಮೀಟರಿನಷ್ಟು ಚಾಚಿದರೂ ಪೂರ್ವ–ಪಶ್ಚಿಮವಾಗಿ ದಕ್ಕಿದ ವಿವರ 26 ಆರ್ಕ್‌ಮಿನಿಟ್, ಅಂದರೆ ಹುಣ್ಣಿಮೆ ಚಂದ್ರನ ಅಗಲಕ್ಕಿಂತ ತುಸು ಕಡಿಮೆ. ಇದನ್ನೇ ಬಳಸಿ ಕೆ.ಎಸ್. ದ್ವಾರಕಾನಾಥ್ ಮತ್ತು ಎನ್. ಉದಯಶಂಕರ್ ಆಕಾಶದ ಬಹುಭಾಗದ ನಕ್ಷೆಯನ್ನು 1990ರಲ್ಲಿ ಪ್ರಕಟಿಸಿದರು. ತಂತಿ, ಕಂಬ, ಕೇಬಲ್‌ಗಳಿಂದ ಇಂಥ ಕೆಲಸ ಸಾಧಿಸಿದ್ದು ನಿಜಕ್ಕೂ ಹೆಮ್ಮೆಯ ಸಂಗತಿ.

ನೆಲದ ಕಂಪನ

ಇಲ್ಲಿನ ಎರಡನೆಯ ಕೇಂದ್ರವಾದ ಭಾಭಾ ಅಣು ಸಂಶೋಧನಾ ಕೇಂದ್ರದ ಭೂಕಂಪನ ಮಾಪಕ ಜಾಲ 1960ರ ದಶಕದ್ದು. 'ಎಲ್' ಆಕಾರದ ಎರಡು ತೋಳುಗಳಲ್ಲಿ ಇಪ್ಪತ್ತು ಮಾಪಕಗಳು. ಕಂಪನ ಯಾವ ಮಾಪಕವನ್ನು ಮೊದಲು ಮುಟ್ಟಿತು, ಯಾವುದನ್ನು ಆಮೇಲೆ ಎಂಬ ಲೆಕ್ಕದಿಂದ ಅದು ಬಂದ ದಿಕ್ಕು ತಿಳಿಯುತ್ತದೆ. ದೂರದ ದೇಶಗಳ ಭೂಗತ ಅಣುಸ್ಫೋಟವನ್ನು ಗುರುತಿಸುವುದು ಇದರ ಮುಖ್ಯ ಉದ್ದೇಶ.

ಅಳತೆಯ ದೋಷ

ಎರಡೂ ಕಡೆ ನಡೆಯುವುದು ಒಂದೇ ಉಪಾಯ. ಜಾತ್ರೆಯ ಗದ್ದಲದ ನಡುವೆಯೂ ತೇರೆಳೆಯುವವರ ಒಕ್ಕೊರಲಿನ ಕೂಗು ಕೇಳುವ ಹಾಗೆ, ಸಮಯ ಹೊಂದಿಸಿ ಕೂಡಿಸಿದಾಗ ಸಂಕೇತ ಬಲಗೊಳ್ಳುತ್ತದೆ. ಒಂದಕ್ಕೊಂದು ಹೊಂದದ ಗದ್ದಲ ಹಿಂದೆ ಬೀಳುತ್ತದೆ. ಇಂಥ ಯಾದೃಚ್ಛಿಕ ದೋಷ ಮಾಪಕಗಳ ಸಂಖ್ಯೆಯ ವರ್ಗಮೂಲದಷ್ಟು ತಗ್ಗುತ್ತದೆ. ಇಪ್ಪತ್ತು ಮಾಪಕಗಳಿದ್ದರೆ ಸುಮಾರು ನಾಲ್ಕೂವರೆ ಪಟ್ಟು.

ವ್ಯವಸ್ಥಿತ ದೋಷ ಹಾಗಲ್ಲ. ಭೂಮಿಯ ಮೇಲಿನ ಅಯಾನುಗೋಳ ರೇಡಿಯೊ ಅಲೆಯನ್ನು ಬಾಗಿಸಿ, ಆಕರವನ್ನು ಅದರ ಜಾಗದಿಂದ ಸರಿಸಿ ತೋರಿಸುತ್ತದೆ. ಆ ಹೊತ್ತಿನಲ್ಲಿ ಎಷ್ಟು ಸಲ ಅಳೆದು ಸರಾಸರಿ ತೆಗೆದರೂ ತಪ್ಪು ತಪ್ಪಾಗಿಯೇ ಉಳಿಯುತ್ತದೆ. ಸ್ಥಾನ ಮೊದಲೇ ಖಚಿತವಾಗಿರುವ ಪ್ರಖರ ಆಕರಗಳ ಜೊತೆ ಹೋಲಿಸಿಯೇ ಅದನ್ನು ತಿದ್ದಬೇಕು.

ತಾಲ್ಲೂಕಿನ ಶಾಲೆಗಳಲ್ಲಿ ವಿಜ್ಞಾನ ಕಲಿಸುವ ಮೇಷ್ಟ್ರು, ಮೇಡಂಗಳು ಗ್ಯಾಲಕ್ಸಿಯ ಪಾಠವನ್ನೂ ಅಳತೆಯ ಪಾಠವನ್ನೂ ಈ ಎರಡು ಕೇಂದ್ರಗಳಿಂದಲೇ ಶುರುಮಾಡಲಿ.